ಮೂರು ವೋಲ್ಟಿನ ವಾಲಗ

ಪರದೆಯ ಮೇಲೆ ನಾಯಕಿ ಗುಡ್ಡ ಇಳಿದು ಬರ್ತಾಳೆ. ನಾಯಕ ಕೈ ಚಾಚಿ ನಿಂತಿರ್ತಾನೆ. ಹಿಂದೆ ಎಲ್ಲೋ ಗಾಜಿನ ಲೋಟಕ್ಕೆ ಚಮಚ ತಾಗಿದಂತೆ ‘ಟಿಣ್’ ಎಂದೊಂದು ನಾದ… ಶಿಳ್ಳೆ ಬೀಳೋದು ನಾಯಕನಿಗೆ. ಚಿಲ್ಲರೆ ಕಾಸು ತೂರೋದು ನಾಯಕಿಗೆ. ಆ ‘ಟಿಣ್’ ಹೊರಡಿಸಿದ ಪೆಟ್ಟಿಗೆಗೆ ಯಾರಾದರೂ ಶಿಳ್ಳೆ ಹೊಡೆದದ್ದುಂಟೇ ಸ್ವಾಮಿ? ನಾನಂತೂ ಹೊಡೆದವನಲ್ಲ. ಎಂಟು ವರ್ಷದಿಂದ ಸಿನಿಮಾ ಪತ್ರಿಕೆಗಳಿಗೆ ಬರೆದುಕೊಂಡು ತಿರುಗ್ತಿದ್ದೇನೆ. ತಾರೆಯರ ಕಾರಿನ ಬಣ್ಣ ಬರೆದಿದ್ದೇನೆ, ಮುಹೂರ್ತದ ದಿನ ಎಲೆಗೆ ಏನೇನು ಬಡಿಸಿದರು ಅಂತ ಬರೆದಿದ್ದೇನೆ. ಕೀಬೋರ್ಡು ನುಡಿಸಿದವನ ಹೆಸರು ಮಾತ್ರ ಒಂದು ಸಲವೂ ಬರೆದಿಲ್ಲ.

ಆ ಪಾಪಕ್ಕೋ ಏನೋ, ಒಂದು ಕೀಬೋರ್ಡು ನನ್ನ ಕೈಗೇ ಬಂದು ಬಿತ್ತು. ಬಿದ್ದದ್ದಷ್ಟೇ ಅಲ್ಲ, ನನ್ನ ಕೈಯಲ್ಲೇ ಅದರ ಅರ್ಧ ಜೀವ ಹೋಯಿತು.

2024ರ ಗೌರಿ ಹಬ್ಬದ ಹಿಂದಿನ ವಾರ. ಅರಸೀಕೆರೆಯಿಂದ ಸೋದರಮಾವನ ಫೋನು. “ಲೇ, ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಿ ಸರಿ ಮಾಡಿಕೊಡೋ. ಬೆಂಗಳೂರಿನ ಹುಡುಗ ಒಬ್ಬ ಕೊಳ್ತಾನಂತೆ. ಮಗಳ ನರ್ಸಿಂಗ್ ಫೀಸು ಕಟ್ಟಬೇಕು.”

ಮಾವ ಒಂದು ಕಾಲದಲ್ಲಿ ರಸಮಂಜರಿಯ ಹುಲಿ. ಗಣಪತಿ ಪೆಂಡಾಲು, ಜಾತ್ರೆ, ರಾಜ್ಯೋತ್ಸವ ಎಲ್ಲಿ ಕರೆದರೂ ಅವರ ಆರ್ಕೆಸ್ಟ್ರಾ ಹಾಜರು. 1987ರಲ್ಲಿ ‘ಪ್ರೇಮಲೋಕ’ ಬಂತಲ್ಲ, ಹಂಸಲೇಖ-ರವಿಚಂದ್ರನ್ ಜೋಡಿಯ ಹಾಡುಗಳು ಬೀದಿ ಬೀದಿಯಲ್ಲಿ ಮೊಳಗಿದವಲ್ಲ, ಅಲ್ಲಿಂದ ಹಳ್ಳಿ ಜನ ಹಾರ್ಮೋನಿಯಂ ತಬಲಾ ಕೇಳಿ ಸುಮ್ಮನೆ ಕೂರಲಿಲ್ಲ. “ಕ್ಯಾಸೆಟ್ಟಲ್ಲಿ ಇರೋ ಹಂಗೇ ಬರಬೇಕು” ಅಂತ ಕೂಗೋರು. ಮಾವ 1989ರಲ್ಲಿ ಹೊಲದ ಮೇಲೆ ಸಾಲ ಎತ್ತಿ ಮದ್ರಾಸಿಗೆ ಹೋದರು. ಸಿನಿಮಾ ರೆಕಾರ್ಡಿಂಗಿಗೆ ನುಡಿಸುತ್ತಿದ್ದ ಒಬ್ಬರಿಂದ ಸೆಕೆಂಡ್ ಹ್ಯಾಂಡ್ ಯಮಹಾ ಡಿಎಕ್ಸ್-7 ಕೊಂಡು, ರೈಲಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ತಂದರಂತೆ. ತೂಕ ಹದಿನಾಲ್ಕು ಕಿಲೋ! ಅತ್ತೆ ಇವತ್ತಿಗೂ ಅದನ್ನ ‘ಸವತಿ’ ಅಂತಲೇ ಕರೆಯೋದು.

ಇನ್ನು ನನ್ನ ಕೈಗೆ ಯಾಕೆ ಕೊಟ್ಟರು ಅನ್ನೋ ವಿಷಯ. ಶ್ರೀರಾಮಪುರದ ನನ್ನ ಒಂದು ಕೋಣೆಯ ಮನೆಯಲ್ಲಿ ಹಾಸಿಗೆಗಿಂತ ಹಳೇ ಕೀಬೋರ್ಡುಗಳೇ ಜಾಸ್ತಿ. ಲೇಖನದ ದುಡ್ಡು ಬರೋದು ಮೂರು ತಿಂಗಳಿಗೆ. ಹೊಟ್ಟೆ ಕೇಳೋದು ಮೂರು ಹೊತ್ತಿಗೆ. ಹಾಗಾಗಿ ಎಸ್.ಪಿ. ರಸ್ತೆಯಲ್ಲಿ ಒಂದು ಸೋಲ್ಡರಿಂಗ್ ಐರನ್, ಒಂದು ಮಲ್ಟಿಮೀಟರ್ ಕೊಂಡು ಕೂತೆ. ಮೊದಲ ರಿಪೇರಿ ಒಂದು ಕ್ಯಾಸಿಯೋ. ಎರಡು ಕೀ ಮೂಗ. ಬಿಚ್ಚಿ ನೋಡಿದರೆ ಕೀ ಕೆಳಗಿನ ರಬ್ಬರ್ ಬಟನ್ನಿನ ಕಪ್ಪು ಚುಕ್ಕೆಗೆ ಧೂಳು ಕೂತಿತ್ತು. ಸ್ಪಿರಿಟ್ ಅದ್ದಿದ ಬಟ್ಟೆಯಲ್ಲಿ ಒರೆಸಿದೆ, ಹಾಡಿತು! ಆ ದಿನ ನನ್ನ ಮೀಸೆ ಒಂದಿಂಚು ಬೆಳೆಯಿತು. ಆಮೇಲೆ ಆರ್ಕೆಸ್ಟ್ರಾದವರು, ಚರ್ಚಿನವರು, ಸಂಗೀತ ಶಾಲೆಯವರು ತಂದು ಸುರಿದರು. ಮಾವನ ಕಿವಿಗೂ ಸುದ್ದಿ ಬಿತ್ತು.

ಅರಸೀಕೆರೆಗೆ ಹೋದೆ. ಅಟ್ಟದಿಂದ ಇಳಿಸಿದೆವು. ಹಳೇ ಪಂಚೆಯಲ್ಲಿ ಸುತ್ತಿ, ಮೇಲೆ ಗೋಣಿಚೀಲ ಹೊದಿಸಿ, ಮಗು ಮಲಗಿಸಿದಂತೆ ಮಲಗಿಸಿದ್ದರು. ಅರವತ್ತೊಂದು ಕೀ. ಕಂದು-ಕಪ್ಪು ಲೋಹದ ಮೈ, ಅದರ ಮೇಲೆ ಹಸಿರು ಗುಂಡಿಗಳ ಸಾಲು. ಗುಂಡಿ ಅಂದರೆ ಮೇಲೆದ್ದ ಗುಂಡಿಯಲ್ಲ, ಚಪ್ಪಟೆ ಹಾಳೆಯಂಥದ್ದು, ಒತ್ತಿದರೆ ಒತ್ತಿದ್ದೇ ಗೊತ್ತಾಗೋಲ್ಲ. ನಾನು ಹಾಗೇ ಪ್ಲಗ್ಗಿಗೆ ಚುಚ್ಚಲು ಹೋದೆ. ಮಾವ ನನ್ನ ಕೈ ಮೇಲೆ ಪಟ್ಟಂತ ಹೊಡೆದರು. ಹಿಂದಿನ ತಗಡಿನ ಪಟ್ಟಿ ಓದು ಅಂದರು. 100 ವೋಲ್ಟ್ ಅಂತ ಬರೆದಿತ್ತು. ಜಪಾನಿನ ಮನೆಗಳಿಗೆ ಮಾಡಿದ ಮಾಲು. ನಮ್ಮ 230 ವೋಲ್ಟ್ ಕೊಟ್ಟಿದ್ದರೆ ಒಳಗಿನ ಟ್ರಾನ್ಸ್‌ಫಾರ್ಮರು ಸುಟ್ಟು ಹೋಗ್ತಿತ್ತು. ಅಟ್ಟದ ಮೂಲೆಯಲ್ಲೇ ಇಟ್ಟಿಗೆಯಷ್ಟು ಭಾರದ ಸ್ಟೆಪ್ ಡೌನ್ ಡಬ್ಬ ಇತ್ತು. ಹಳೇ ಯಂತ್ರ ಕೊಳ್ಳೋ ಹುಡುಗರೇ, ಇದೊಂದನ್ನ ನೆನಪಿಡಿ. ಮೊದಲು ಬೆನ್ನು ಓದಿ, ಆಮೇಲೆ ಪ್ಲಗ್ಗು.

ಸ್ವಿಚ್ಚು ಹಾಕಿದೆ. ಸಣ್ಣ ಕಿಟಕಿಯಂಥ ಡಿಸ್‌ಪ್ಲೇ, ಎರಡು ಸಾಲು, ಸಾಲಿಗೆ ಹದಿನಾರು ಅಕ್ಷರ. ಬೆಳಕಿಲ್ಲದ ಮಂಕು ಡಿಸ್‌ಪ್ಲೇ, ಟಾರ್ಚ್ ಹಿಡಿದು ನೋಡಿದರೆ ಬ್ಯಾಟರಿ ಬದಲಿಸಿ ಅಂತ ಇಂಗ್ಲಿಷಿನಲ್ಲಿ ಗೋಗರೀತಿತ್ತು. ಒಂದು ಗುಂಡಿ ಒತ್ತಿದೆ. ಕಾರ್ಖಾನೆಯವರು ಕೊಟ್ಟ ಪಿಯಾನೋ ಬಂತು. ಇನ್ನೊಂದು ಒತ್ತಿದೆ. ಜಪಾನಿನ ಕೋಟೋ ವಾದ್ಯ. ಮಾವ ಅದನ್ನ ಭಕ್ತಿಗೀತೆಗೆ ವೀಣೆ ಮಾಡಿಕೊಂಡಿದ್ದರಂತೆ. ‘ಟ್ರೈನ್’ ಅಂತ ಒಂದು ಧ್ವನಿ, ಅದು ರೈಲಿನ ಸದ್ದೇ. “ಜಂಕ್ಷನ್ ಊರಿನೋರಿಗೆ ರೈಲಿನ ಸದ್ದು ದುಡ್ಡು ಕೊಟ್ಟು ತಂದೆ ನೋಡು” ಅಂತ ಮಾವ ನಕ್ಕರು. ಕೊನೇ ಸಾಲಿಗೆ ಹೋದಂತೆ ಹೆಸರುಗಳು ಬದಲಾದವು. ಇಂಗ್ಲಿಷ್ ಅಕ್ಷರದಲ್ಲಿ ತಮಟೆ, ದೇವಿ, ಮಳೆ… ಮೂವತ್ತೆರಡನೆಯದರಲ್ಲಿ ‘ವಾಲಗ 2’.

ಒತ್ತಿದೆ. ಒಂದು ಕೀ ಹಿಡಿದೆ.

ಏನಂತ ಹೇಳಲಿ? ವಾಲಗವೂ ಅಲ್ಲ, ವಾಲಗ ಅಲ್ಲದ್ದೂ ಅಲ್ಲ. ಮದುವೆ ಮನೆಯಿಂದ ಎರಡು ಬೀದಿ ಆಚೆ ನಿಂತು ಕೇಳಿದ ಹಾಗೆ. ಮೂಗಿನ ದನಿ, ಸ್ವಲ್ಪ ಕಂಚು, ಸ್ವರ ಹಿಡಿಯೋ ಮೊದಲು ಕೆಳಗಿನಿಂದ ಜಾರಿ ಮೇಲೆ ಬರೋ ಒಂದು ಎಳೆತ. ಎರಡು ಸಲ ನುಡಿಸಿದೆ. ಕಿಸೆಯಲ್ಲಿ ಮೊಬೈಲಿತ್ತು. ಒಂದು ಗುಂಡಿ ಒತ್ತಿದ್ದರೆ ರೆಕಾರ್ಡ್ ಆಗುತ್ತಿತ್ತು. ಒತ್ತಲಿಲ್ಲ. ರಾತ್ರಿ ರೈಲಿಗೆ ಹೊತ್ತಾಗಿತ್ತು.

ಇಲ್ಲಿ ಒಂದು ಸ್ವಲ್ಪ ಯಂತ್ರಪುರಾಣ ಹೇಳಬೇಕು. ಬೇಸರವಾದರೆ ಮಧ್ಯದ ಪುಟದ ತಾರೆಯನ್ನ ಒಂದು ಸಲ ನೋಡಿಕೊಂಡು ಬನ್ನಿ, ಕಾಯ್ತೇನೆ.

ಹಾರ್ಮೋನಿಯಂ ಕೆಟ್ಟರೆ ಅದರ ದನಿ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಬಹುದು. ಹಿತ್ತಾಳೆ ರೀಡಿನಲ್ಲಿದೆ, ತಿದಿಯಲ್ಲಿದೆ. 1970ರಲ್ಲಿ ಬಂದ ಮಿನಿಮೂಗಿನಂಥ ಹಳೇ ಸಿಂಥಸೈಜರಿನಲ್ಲೂ ದನಿ ಎಲ್ಲಿದೆ ಅಂತ ಕಣ್ಣಿಗೆ ಕಾಣುತ್ತೆ. ಯಾವ ತಿರುಪು ಎಲ್ಲಿಗೆ ತಿರುಗಿಸಿದ್ದೀರೋ ಅದೇ ದನಿ. ನಮ್ಮ ಮುಂಬಯಿಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ 1982ರಲ್ಲೇ ರೋಲ್ಯಾಂಡ್ ಕಂಪನಿಯ ಮೂರು ಯಂತ್ರ ಕಟ್ಟಿಕೊಂಡು ಹತ್ತು ರಾಗಗಳನ್ನ ಡಿಸ್ಕೋ ತಾಳಕ್ಕೆ ಹಾಕಿ ರೆಕಾರ್ಡ್ ತಂದಿದ್ದರು. ಆಗ ಯಾರೂ ಕ್ಯಾರೇ ಅನ್ನಲಿಲ್ಲ. 2010ರಲ್ಲಿ ಅದು ವಿದೇಶದಲ್ಲಿ ಮತ್ತೆ ಅಚ್ಚಾದ ಮೇಲೆ ಜಗತ್ತು ಬಾಯಿ ಮೇಲೆ ಬೆರಳಿಟ್ಟಿತು. ಇರಲಿ, ಆ ಕತೆ ಇನ್ನೊಂದು ವಾರಕ್ಕೆ.

ಡಿಎಕ್ಸ್-7ರ ಜಾತಿಯೇ ಬೇರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಜಾನ್ ಚೌನಿಂಗ್ ಅಂತ ಒಬ್ಬ ಸಂಗೀತಗಾರ. 1967ರಲ್ಲಿ ಆತ ಕಂಪ್ಯೂಟರಿನಲ್ಲಿ ಒಂದು ಸ್ವರಕ್ಕೆ ಕಂಪನ ಕೊಡ್ತಾ, ಅಂದರೆ ನಮ್ಮ ಗಾಯಕರು ಸ್ವರ ಅಲುಗಿಸ್ತಾರಲ್ಲ ಹಾಗೆ ಅಲುಗಿಸ್ತಾ, ಅದರ ವೇಗ ಏರಿಸುತ್ತಾ ಹೋದ. ಒಂದು ಹಂತ ದಾಟಿದ ಮೇಲೆ ಅಲುಗಾಟ ಕಿವಿಗೆ ಅಲುಗಾಟವಾಗಿ ಕೇಳಲಿಲ್ಲ. ಸ್ವರದ ಬಣ್ಣವೇ ಬದಲಾಯಿತು! ಒಂದು ಅಲೆ ಇನ್ನೊಂದು ಅಲೆಯನ್ನ ಕುಲುಕಿದರೆ ಗಂಟೆ ಹುಟ್ಟುತ್ತೆ, ತುತ್ತೂರಿ ಹುಟ್ಟುತ್ತೆ. ಯಮಹಾದವರು ಆ ವಿದ್ಯೆಯ ಹಕ್ಕು ಪಡೆದು, ವರ್ಷಗಟ್ಟಲೆ ತಿದ್ದಿ ತೀಡಿ, 1983ರಲ್ಲಿ ಡಿಎಕ್ಸ್-7 ಇಳಿಸಿದರು. ಬೆಲೆ ಅಮೆರಿಕದಲ್ಲಿ 1,995 ಡಾಲರ್. ಒಂದೂವರೆ ಲಕ್ಷಕ್ಕೂ ಮಿಕ್ಕಿ ಖರ್ಚಾದವು. ಎಂಬತ್ತರ ದಶಕದ ಇಂಗ್ಲಿಷ್ ಪ್ರೇಮಗೀತೆಗಳ ಆ ಗಾಜಿನಂಥ ಪಿಯಾನೋ ಇದರದ್ದೇ.

ಇದರಲ್ಲಿ ಒಂದು ಧ್ವನಿ ಅಂದರೆ ತಿರುಪಲ್ಲ, ತಂತಿಯಲ್ಲ, ಬರೀ ಸಂಖ್ಯೆ. ಆರು ಅಲೆಗಳು. ಯಾವುದು ಯಾವುದನ್ನ ಕುಲುಕಬೇಕು ಅನ್ನೋದಕ್ಕೆ ಮೂವತ್ತೆರಡು ನಕ್ಷೆ. ಒಂದೊಂದು ಅಲೆ ಎಷ್ಟು ಬೇಗ ಏಳಬೇಕು, ಎಷ್ಟು ಹೊತ್ತು ನಿಲ್ಲಬೇಕು, ಹೇಗೆ ಸಾಯಬೇಕು… ಹೆಸರಿನ ಹತ್ತು ಅಕ್ಷರ ಸೇರಿ ಒಂದು ಧ್ವನಿಗೆ 155 ಅಂಕಿ. ಇವನ್ನೆಲ್ಲ ತಿದ್ದಲು ಇರೋದು ಒಂದೇ ಒಂದು ಜಾರುಗುಂಡಿ. ಒಂದು ಸಲಕ್ಕೆ ಒಂದು ಅಂಕಿ ಮಾತ್ರ. ದೊಡ್ಡ ದೊಡ್ಡ ವಾದ್ಯಗಾರರೇ ಕೈ ಮುಗಿದು, ಕಾರ್ಖಾನೆ ಕೊಟ್ಟ ಧ್ವನಿಯಲ್ಲೇ ತೃಪ್ತರಾದರು. ಅಂಥದ್ದರಲ್ಲಿ ಎಸ್ಸೆಸ್ಸೆಲ್ಸಿ ಫೇಲಾದ ನಮ್ಮ ಮಾವ ಕೂತು ವಾಲಗ ಕಟ್ಟಿದ್ದರು!

ಆ ಮೂವತ್ತೆರಡು ಧ್ವನಿಗಳು ಸ್ವಿಚ್ಚು ಆರಿಸಿದ ಮೇಲೂ ಉಳಿಯೋದು ಹೇಗೆ? ಒಳಗಿನ ಬೋರ್ಡಿನ ಮೇಲೆ ಎಂಟಾಣೆ ಬಿಲ್ಲೆಯಂಥ ಒಂದು ಬ್ಯಾಟರಿ. ಸಿಆರ್2032, ಮೂರು ವೋಲ್ಟು. ಕಂಪ್ಯೂಟರಿನ ಬೋರ್ಡಿನಲ್ಲೂ ಇರುತ್ತಲ್ಲ, ಅದೇ. ಅಂಗಡಿಯಲ್ಲಿ ಐವತ್ತು ರೂಪಾಯಿಯೊಳಗೆ ಸಿಗುತ್ತೆ. ಮಾವ ತಂದ ದಿನದಿಂದ ಒಂದು ಸಲವೂ ಬದಲಿಸಿಲ್ಲ. ಅಟ್ಟದ ಮೇಲೆ, ಗೋಣಿಚೀಲದ ಕೆಳಗೆ, ಆ ಬಿಲ್ಲೆ ಒಂದೇ ಇಷ್ಟು ವರ್ಷ ಮಾವನ ವಾಲಗವನ್ನ ಕಾದುಕೊಂಡು ಕೂತಿತ್ತು.

ನಾನು ಅದನ್ನ ಕಿತ್ತೆ.

ಶ್ರೀರಾಮಪುರಕ್ಕೆ ತಂದ ಮೇಲೆ ಒಂದು ವಾರ ಭರ್ಜರಿ ಕೆಲಸ. ಕೀಗಳನ್ನೆಲ್ಲ ತೆಗೆದು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿದೆ. ಒಳಗೆ ಜಿರಳೆ ಮೊಟ್ಟೆ, ಒಂದು ಸೇಫ್ಟಿ ಪಿನ್ನು, ಗಣಪತಿ ಪೆಂಡಾಲಿನ ಬಣ್ಣದ ಕಾಗದದ ಚೂರು. ಈ ಯಂತ್ರದಲ್ಲಿ ಒಂದೊಂದು ಕೀಗೆ ಎರಡು ಕಡೆ ಸಂಪರ್ಕ. ಮೊದಲನೆಯದು ಬಿಟ್ಟು ಎರಡನೆಯದು ಮುಟ್ಟೋದಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತ ಲೆಕ್ಕ ಹಾಕಿ, ನೀವು ಮೆಲ್ಲಗೆ ಒತ್ತಿದಿರೋ ಜೋರಾಗಿ ಹೊಡೆದಿರೋ ಅಂತ ತಿಳಿದುಕೊಳ್ಳುತ್ತೆ. ಅಲ್ಲಿ ಕೊಳೆ ಕೂತರೆ ಮೆಲ್ಲಗೆ ಮುಟ್ಟಿದರೂ ಕಿರುಚುತ್ತೆ, ಇಲ್ಲಾ ಮೂಗಾಗುತ್ತೆ. ಎಲ್ಲಾ ಒರೆಸಿದೆ. ಮಂಕು ಡಿಸ್‌ಪ್ಲೇ ತೆಗೆದು ಹಿಂದೆ ನೀಲಿ ದೀಪ ಇರೋ ಹೊಸದನ್ನ ಕೂರಿಸಿದೆ. ಅದೂ ಎಸ್.ಪಿ. ರಸ್ತೆಯದೇ, ಇನ್ನೂರು ಚಿಲ್ಲರೆ ರೂಪಾಯಿ. ದೀಪ ಹತ್ತಿದಾಗ ಕೋಣೆಯಲ್ಲಿ ಒಬ್ಬನೇ ಕುಣಿದೆ.

ಆಮೇಲೆ ಬ್ಯಾಟರಿ. ಅದನ್ನ ಬೋರ್ಡಿಗೇ ಬೆಸುಗೆ ಹಾಕಿರ್ತಾರೆ. ಬೆಸುಗೆ ಬಿಡಿಸಿ ಎತ್ತಿದೆ. ಮುಂದಿನ ಸಲ ಯಾರಿಗೂ ಕಷ್ಟವಾಗದಿರಲಿ ಅಂತ ಬಿಲ್ಲೆ ಸಿಕ್ಕಿಸೋ ಹೋಲ್ಡರನ್ನೇ ಬೆಸೆದೆ. ಎಷ್ಟು ಮುಂದಾಲೋಚನೆ ನೋಡಿ! ಮುಂದಿನವರ ಕಷ್ಟ ಯೋಚಿಸಿದವನು ಹಿಂದಿನವರ ಮೂವತ್ತೈದು ವರ್ಷ ಯೋಚಿಸಲಿಲ್ಲ. ಹೊಸ ಬಿಲ್ಲೆ ಹಾಕಿ ಸ್ವಿಚ್ಚು ಒತ್ತಿದೆ. ನೀಲಿ ಬೆಳಕಿನಲ್ಲಿ ಅಂದವಾಗಿ ಕಾಣಿಸಿದ್ದು ಅರ್ಥವಿಲ್ಲದ ಅಕ್ಷರಗಳ ಗುಂಪು. ಮೂವತ್ತೆರಡನೆಯ ಗುಂಡಿ ಒತ್ತಿದೆ. ಬರೀ ಕರ್ಕಶ ಸದ್ದು.

ಬ್ಯಾಟರಿ ತೆಗೆಯೋ ಮೊದಲು ಏನು ಮಾಡಬೇಕಿತ್ತು ಅಂತ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು ಸ್ವಾಮಿ, ಅದೇ ನಾಚಿಕೆಗೇಡು. ಈ ಯಂತ್ರದ ಹಿಂದೆ ಮಿಡಿ ಅಂತ ಐದು ಪಿನ್ನಿನ ತೂತುಗಳಿವೆ. 1983ರಲ್ಲಿ ಬೇರೆ ಬೇರೆ ಕಂಪನಿಯ ಯಂತ್ರಗಳು ಪರಸ್ಪರ ಮಾತಾಡಲಿ ಅಂತ ಮಾಡಿದ ವ್ಯವಸ್ಥೆ. ಅಲ್ಲಿಂದ ಒಂದು ಕೇಬಲ್ಲು ಎಳೆದು ಕಂಪ್ಯೂಟರಿಗೆ ಚುಚ್ಚಿ, ಯಂತ್ರದಲ್ಲಿ ಒಂದು ಆಜ್ಞೆ ಕೊಟ್ಟರೆ ಮೂವತ್ತೆರಡು ಧ್ವನಿಗಳೂ ಕಂಪ್ಯೂಟರಿಗೆ ಇಳಿಯುತ್ತವೆ. ಎಲ್ಲಾ ಸೇರಿ 4,096 ಬೈಟು. ನಿಮ್ಮ ಮೊಬೈಲಿನ ಒಂದು ಫೋಟೋ ಇಡೋ ಜಾಗದಲ್ಲಿ ಇಂಥ ನೂರಾರು ವಾಲಗ ಇಡಬಹುದು. ಕೇಬಲ್ಲು ಗೆಳೆಯನ ಬಳಿ ಇತ್ತು. ಅವನು ಊರಲ್ಲಿರಲಿಲ್ಲ. ಭಾನುವಾರ ಬರ್ತಿದ್ದ. ನಾನು ಶುಕ್ರವಾರ ಬೆಸುಗೆ ಬಿಡಿಸಿದೆ. ಎರಡು ದಿನ ಕಾಯೋ ವ್ಯವಧಾನ ಇರಲಿಲ್ಲ, ಅಷ್ಟೇ.

ಕಾರ್ಖಾನೆಯ ಧ್ವನಿಗಳು ಇಂಟರ್ನೆಟ್ಟಿನಲ್ಲಿ ಧರ್ಮಕ್ಕೆ ಸಿಗುತ್ತವೆ. ಭಾನುವಾರ ಕೇಬಲ್ಲು ಬಂದ ಮೇಲೆ ತುಂಬಿಸಿದೆ. ಪಿಯಾನೋ ಬಂತು, ಕೋಟೋ ಬಂತು, ರೈಲೂ ಬಂತು. ಕೊಳ್ಳೋ ಹುಡುಗ ಬಂದು ನೋಡಿ ಹೌಹಾರಿದ. “ಸಾರ್, ಹೊಸದರ ಥರ ಇದೆ! ಒರಿಜಿನಲ್ ಧ್ವನಿಗಳೇ ಇವೆ! ಯಾರಾದರೂ ಕೈ ಆಡಿಸಿ ಹಾಳು ಮಾಡಿರ್ತಾರೆ ಅಂತ ಹೆದರಿದ್ದೆ” ಅಂದ. ಹೇಳಿದ ಬೆಲೆಗೆ ಎರಡು ಸಾವಿರ ಸೇರಿಸಿಯೇ ಕೊಡ್ತೇನೆ ಅಂದ. ನನಗೆ ನಗು ಬರಲಿಲ್ಲ. “ಇನ್ನೂ ಒಂದು ಕೆಲಸ ಬಾಕಿ ಇದೆ, ತಿಂಗಳು ಬಿಟ್ಟು ಬನ್ನಿ” ಅಂದು ಕಳಿಸಿದೆ.

ಅರಸೀಕೆರೆಗೆ ಹೋಗಿ ಹೇಳಬೇಕಿತ್ತು. ರೈಲಿನಲ್ಲಿ ತಿಪಟೂರು ದಾಟೋ ತನಕ ಸುಳ್ಳುಗಳನ್ನ ಜೋಡಿಸಿದೆ. ಬ್ಯಾಟರಿ ತಾನೇ ಸತ್ತಿತ್ತು ಅನ್ನೋಣ, ಚಿಪ್ಪು ಹೋಗಿತ್ತು ಅನ್ನೋಣ. ಮನೆಗೆ ಹೋದಾಗ ಮಾವ ಜಗುಲಿ ಮೇಲೆ ಕೊಬ್ಬರಿ ಸುಲಿದು ಹಾಕ್ತಿದ್ದರು. “ಮಾವ, ವಾಲಗ ಹೋಯ್ತು. ನಾನೇ ಕಳೆದೆ” ಅಂದೆ. ಅವರು ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, “ಊಟ ಆಯ್ತಾ?” ಅಂದರು.

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ರಾತ್ರಿ ಕೇಳಿದೆ, “ಮಾವ, ಅಂಕಿ ಎಲ್ಲಾದರೂ ಬರೆದಿಟ್ಟಿದ್ರಾ?” ಅಂತ. “ಯಾಕೆ ಬರೀಲಿ? ಪೆಟ್ಟಿಗೇಲಿತ್ತು, ಕಿವೀಲಿತ್ತು” ಅಂದರು. ಅತ್ತೆ ಎದ್ದು ಹೋಗಿ ಬೀರುವಿನಿಂದ ಒಂದು ಕ್ಯಾಸೆಟ್ಟು ತಂದು ಕೊಟ್ಟರು. ಮೇಲೆ ಬಾಲ್‌ಪೆನ್ನಿನಲ್ಲಿ ‘ಗಣಪತಿ 1991’ ಅಂತ ಬರೆದಿತ್ತು. ಪೆಂಡಾಲಿನ ಮುಂದೆ ಯಾರೋ ಟೇಪ್ ರೆಕಾರ್ಡರ್ ಇಟ್ಟು ಹಿಡಿದದ್ದು. ‘ಸವತಿ’ಯ ದನಿಯನ್ನ ಮೂವತ್ತು ವರ್ಷದ ಮೇಲೆ ಜೋಪಾನ ಮಾಡಿದ್ದು ಅವರೇ ನೋಡಿ.

ಆ ಕ್ಯಾಸೆಟ್ಟು ಹಾಡಿಸೋದೇ ಒಂದು ರಿಪೇರಿ. ನನ್ನ ಹಳೇ ಡೆಕ್ಕಿನ ಬೆಲ್ಟು ಸಡಿಲಾಗಿ ಎಲ್ಲರೂ ಕುಡಿದವರ ಥರ ಹಾಡ್ತಿದ್ದರು. ಬೆಲ್ಟು ಬದಲಿಸಿದೆ. ಹಾಡು, ಚಪ್ಪಾಳೆ, “ಒನ್ಸ್ ಮೋರ್”, ಎಲ್ಲೋ ಒಂದು ಮಗು ಅಳೋದು. ಇವುಗಳ ನಡುವೆ, ಹಾಸ್ಯ ಪ್ರಸಂಗದಲ್ಲಿ ಮದುವೆ ಸೀನು ಬಂದಾಗ, ಗಟ್ಟಿಮೇಳ ಅಂತ ಯಾರೋ ಕೂಗಿದ ಮೇಲೆ ಹನ್ನೊಂದು ಸೆಕೆಂಡು ವಾಲಗ. ಅಷ್ಟೇ ಸಿಕ್ಕಿದ್ದು. ಹನ್ನೊಂದು ಸೆಕೆಂಡು.

ಪಿಯುಸಿಯಲ್ಲಿ ಸೈನ್ ಥೀಟಾಕ್ಕೆ ಹೆದರಿ ಕಾಲೇಜು ಬಿಟ್ಟು ಬಂದವನು ನಾನು. ವಿಧಿಯಾಟ ನೋಡಿ, ಈ ಯಂತ್ರದ ಆರು ಅಲೆಗಳೂ ಶುದ್ಧ ಸೈನ್ ಅಲೆಗಳೇ! ಬಿಟ್ಟು ಬಂದ ಹುಡುಗಿ ಮತ್ತೆ ಎದುರು ಬಂದು ನಿಂತ ಹಾಗೆ. ಈ ಸಲ ಓಡಲಿಲ್ಲ, ಕೂತು ಕಲಿತೆ. ಕುಲುಕೋ ಅಲೆಯ ವೇಗ ಮೂಲ ಅಲೆಗೆ ಸರಿಯಾಗಿ ಒಂದು ಪಟ್ಟು, ಎರಡು ಪಟ್ಟು ಹೀಗೆ ಇಡೀ ಸಂಖ್ಯೆ ಇದ್ದರೆ ದನಿ ಶ್ರುತಿಗೆ ಕೂರುತ್ತೆ. ಮೂರೂವರೆ ಪಟ್ಟು ಹೀಗೆ ಮುರಿದ ಸಂಖ್ಯೆ ಇದ್ದರೆ ಗಂಟೆಯಾಗುತ್ತೆ, ಜಾಗಟೆಯಾಗುತ್ತೆ. ಎರಡು ಪಟ್ಟು ಇಟ್ಟರೆ ಕ್ಲಾರಿನೆಟ್ಟಿನಂಥ ಟೊಳ್ಳು ದನಿ. ಒಂದು ಪಟ್ಟು ಇಟ್ಟು ಜೋರಾಗಿ ಕುಲುಕಿದರೆ ತುತ್ತೂರಿಯ ಹರಿತ. ಕುಲುಕೋದು ಹೆಚ್ಚಾದಷ್ಟೂ ದನಿ ಹೊಳೆಯುತ್ತೆ, ಅತಿಯಾದರೆ ಗದ್ದಲ. ಅಡುಗೆಯಲ್ಲಿ ಹುಣಸೇಹುಳಿ ಇದ್ದಂತೆ. ಡೆಕ್ಸೆಡ್ ಅಂತ ಒಂದು ಉಚಿತ ತಂತ್ರಾಂಶ ಇದೆ. ಡಿಎಕ್ಸ್-7ರ ಎಲ್ಲಾ ಅಂಕಿಗಳನ್ನ ಕಂಪ್ಯೂಟರ್ ಪರದೆಯಲ್ಲಿ ಒಟ್ಟಿಗೆ ತೋರಿಸುತ್ತೆ. ಅದಿಲ್ಲದಿದ್ದರೆ ಆ ಒಂದೇ ಜಾರುಗುಂಡಿ ಎಳೆದೂ ಎಳೆದೂ ನನ್ನ ಬೆರಳು ಸವೆದು ಹೋಗ್ತಿತ್ತು. ಮಾವ ಆ ಕಾಲದಲ್ಲಿ ಸೀಮೆಎಣ್ಣೆ ದೀಪದ ಪಕ್ಕ ಕೂತು ಅದನ್ನೇ ಮಾಡಿದ್ದರು ಅನ್ನೋದು ನೆನೆಸಿಕೊಂಡಾಗೆಲ್ಲ… ಬೇಡ ಬಿಡಿ.

ಮೂರು ವಾರ. ಮೂಗಿನ ದನಿ ಸಿಕ್ಕಿತು. ಕಂಚು ಸಿಕ್ಕಿತು. ಜಾರಿ ಮೇಲೇರೋ ಎಳೆತಕ್ಕೆ ಶ್ರುತಿಯನ್ನೇ ಏರಿಳಿಸೋ ಒಂದು ಭಾಗ ಇದೆ. ಅದರಲ್ಲಿ 50 ಅಂದರೆ ಸರಿಶ್ರುತಿ, ಅದಕ್ಕಿಂತ ಕಡಿಮೆ ಅಂದರೆ ಕೆಳಗೆ. ಶುರುವಿನ ಅಂಕಿಯನ್ನ ಐವತ್ತಕ್ಕಿಂತ ಸ್ವಲ್ಪ ಕೆಳಗಿಟ್ಟೆ. ಕೆಳಗಿನಿಂದ ಜಾರಿ ಸ್ವರಕ್ಕೆ ಬಂದು ಕೂತಿತು. ಈ ಎಳೆತವನ್ನ ಮಾವ ಧ್ವನಿಯೊಳಗೇ ಯಾಕೆ ಕಟ್ಟಿದರು ಅಂತಲೂ ಆಗ ಹೊಳೆಯಿತು. ಸ್ವರ ಎಳೆಯೋ ಚಕ್ರ ಎಡಗೈ ಕಡೆ ಇರುತ್ತೆ. ಸ್ಟೇಜಿನ ಮೇಲೆ ಮಾವನ ಎಡಗೈ ಪಕ್ಕದ ಕ್ಯಾಸಿಯೋ ಮೇಲೆ. ಸಂಬಳ ಕೊಟ್ಟು ಇನ್ನೊಬ್ಬ ಕೀಬೋರ್ಡಿನವನನ್ನ ಇಟ್ಟುಕೊಳ್ಳೋ ಶಕ್ತಿ ಆ ತಂಡಕ್ಕಿರಲಿಲ್ಲ.

ಈ ನಡುವೆ ಬೇರೆ ಗಿರಾಕಿಗಳ ಕೆಲಸವೂ ನಡೀತಿತ್ತು. ಒಂದು ರೋಲ್ಯಾಂಡ್ ಜೂನೋ-106 ಬಂತು, 1984ರಲ್ಲಿ ಬಂದ ಮಾಡೆಲ್ಲು. ಆರು ದನಿಯಲ್ಲಿ ಎರಡು ಗೊರಗುಟ್ಟುತ್ತಿದ್ದವು. ಅದರ ದನಿಯ ಚಿಪ್ಪುಗಳ ಮೇಲೆ ಬಳಿದಿರೋ ಕಪ್ಪು ಅಂಟು ವರ್ಷ ಕಳೆದಂತೆ ಕರೆಂಟು ಸೋರಿಸಲು ಶುರು ಮಾಡುತ್ತೆ. ಚಿಪ್ಪು ಬಿಡಿಸಿ ಅಸಿಟೋನಿನಲ್ಲಿ ಒಂದೆರಡು ದಿನ ನೆನೆಹಾಕಿ, ಮೆತ್ತಗಾದ ಅಂಟನ್ನ ಸುಲಿದರೆ ಎಷ್ಟೋ ಸಲ ಬದುಕಿಕೊಳ್ಳುತ್ತೆ. 1981ರ ಕಾರ್ಗ್ ಪಾಲಿಸಿಕ್ಸ್‌ನದು ಇನ್ನೊಂದು ಥರ. ಅದರ ಮರುಚಾರ್ಜಿನ ಬ್ಯಾಟರಿ ಸೋರಿ ಬೋರ್ಡಿನ ತಾಮ್ರದ ಗೆರೆಗಳನ್ನೇ ತಿಂದು ಹಾಕುತ್ತೆ. ಹಾಗಾಗಿ ಬ್ಯಾಟರಿಗೆ ಕೈ ಹಚ್ಚದೆ ಬಿಟ್ಟರೂ ತಪ್ಪೇ. ಈಗ ನನ್ನ ಕೋಣೆಗೆ ಯಾವ ಪೆಟ್ಟಿಗೆ ಬಂದರೂ ಮೊದಲ ಪ್ರಶ್ನೆ ಒಂದೇ: “ಒಳಗೆ ನಿಮ್ಮದೇನಾದರೂ ಇದೆಯಾ?” ಚರ್ಚಿನ ಹುಡುಗನೊಬ್ಬ ಗಾಬರಿಯಾಗಿ, “ಇಲ್ಲಾ ಸಾರ್, ದುಡ್ಡು ಗಿಡ್ಡು ಏನಿಟ್ಟಿಲ್ಲ” ಅಂದ.

ತಿಂಗಳು ತುಂಬುವ ಹೊತ್ತಿಗೆ ಪೆಟ್ಟಿಗೆಯನ್ನ ಸ್ಟೆಪ್ ಡೌನ್ ಡಬ್ಬದ ಸಮೇತ ಹೊತ್ತುಕೊಂಡು ಅರಸೀಕೆರೆಗೆ ಹೋದೆ. ಮರುದಿನ ಕೊಳ್ಳೋ ಹುಡುಗ ಕಾರು ತೆಗೆದುಕೊಂಡು ಅಲ್ಲಿಗೇ ಬರುವುದೆಂದು ಮಾತಾಗಿತ್ತು. ನಡುಮನೆಯಲ್ಲಿ ಟೀಪಾಯಿ ಮೇಲೆ ಇಟ್ಟೆ. ಮಾವ ನೀಲಿ ದೀಪ ನೋಡಿ, “ಇದೇನು ಬಾರ್ ಅಂಡ್ ರೆಸ್ಟೋರೆಂಟು ಮಾಡಿದ್ದೀಯ” ಅಂದರು. ಮೂವತ್ತೆರಡು ಒತ್ತಿ ಕೊಟ್ಟೆ. ಒಂದು ಸ್ವರ ಹಿಡಿದರು. ಬಿಟ್ಟರು. ಮತ್ತೆ ಹಿಡಿದರು. ಬಿಟ್ಟರು.

“ಬರೋವಾಗ ಸರಿಯಾಗೇ ಬರುತ್ತೆ ಕಣೋ. ಹೋಗೋದು ಸರಿಯಿಲ್ಲ.”

“ಹೋಗೋದು ಅಂದ್ರೆ ಮಾವ?”

“ವಾಲಗದೋನು ಕೊನೇಗೆ ಉಸಿರು ಬಿಡ್ತಾನೆ ನೋಡು. ಆಗ ಸ್ವರ ಇಳಿದು ಸಾಯುತ್ತೆ. ಇದು ಕತ್ತರಿ ಹಾಕಿದ ಹಾಗೆ ನಿಲ್ಲುತ್ತೆ.”

ಕ್ಯಾಸೆಟ್ಟಿನಲ್ಲಿ ಅದು ನನಗೆ ಕೇಳಿಸಿಯೇ ಇರಲಿಲ್ಲ. ಪ್ರತಿ ಸಲ ಸ್ವರ ಮುಗಿಯೋ ಜಾಗದಲ್ಲಿ ಚಪ್ಪಾಳೆಯೋ ಡೋಲೋ ಮುಚ್ಚಿಬಿಟ್ಟಿತ್ತು. ಲ್ಯಾಪ್‌ಟಾಪು ಬಿಚ್ಚಿ ಅಂಕಿಗಳನ್ನ ನೋಡುತ್ತಾ ಕೂತೆ. ಅರ್ಧ ಗಂಟೆ ತಲೆಗೆ ಹೋಗಲಿಲ್ಲ. ಆಮೇಲೆ ಹೊಳೆಯಿತು. ಈ ಯಂತ್ರದಲ್ಲಿ ಶ್ರುತಿ ಎಲ್ಲಿಂದ ಶುರುವಾಗಬೇಕು ಅನ್ನೋದಕ್ಕೂ, ಕೀ ಬಿಟ್ಟ ಮೇಲೆ ಎಲ್ಲಿಗೆ ಹೋಗಬೇಕು ಅನ್ನೋದಕ್ಕೂ ಇರೋದು ಒಂದೇ ಅಂಕಿ! ಎಲ್ಲಿಂದ ಜಾರಿ ಬಂತೋ ಅಲ್ಲಿಗೇ ಜಾರಿ ಹೋಗಬೇಕು. ಅಂದರೆ ನನ್ನ ವಾಲಗವೂ ಕೀ ಬಿಟ್ಟಾಗ ಇಳೀತಾನೇ ಇತ್ತು. ಆದರೆ ಅಲೆಗಳು ಎಷ್ಟು ಬೇಗ ಆರಬೇಕು ಅನ್ನೋ ಅಂಕಿಯನ್ನ ನಾನು ತೊಂಬತ್ತರ ಮೇಲೆ ಇಟ್ಟಿದ್ದೆ. ಇಳಿಯೋ ಮೊದಲೇ ದನಿ ಸತ್ತು ಹೋಗ್ತಿತ್ತು, ಯಾರಿಗೂ ಕೇಳ್ತಿರಲಿಲ್ಲ.

ಎಂಬತ್ತು ಮಾಡಿದೆ. ಮಾವ ಕೀ ಒತ್ತಿ ಬಿಟ್ಟರು. “ಇನ್ನೂ.” ಎಪ್ಪತ್ತು. “ಇನ್ನೂ ಸ್ವಲ್ಪ.” ಅರವತ್ತೆರಡು. ಮಾವ ಬಿಟ್ಟರು, ಸ್ವರ ಮೆಲ್ಲಗೆ ಕೆಳಗೆ ಜಾರಿ, ಬಾಗಿಲಾಚೆ ಹೋದವರ ಥರ ಆರಿತು. ಒಳಗೆ ಪಾತ್ರೆ ತೊಳೀತಿದ್ದ ಅತ್ತೆ ನಲ್ಲಿ ನಿಲ್ಲಿಸಿದರು.

ಮಾವ ಅರ್ಧ ಗಂಟೆ ನುಡಿಸಿದರು. ನಾನು ಎರಡು ಸಲ ಕೇಬಲ್ಲು ಪರೀಕ್ಷಿಸಿ ಮೂವತ್ತೆರಡೂ ಧ್ವನಿಗಳನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡೆ. ಪೆನ್ ಡ್ರೈವಿಗೆ ಒಂದು ಪ್ರತಿ, ಮಾವನ ಮಗಳ ಮೊಬೈಲಿಗೆ ಒಂದು ಪ್ರತಿ. ಹಾಗೆ ಇಳಿಸೋ ಮೊದಲು ಹೆಸರು ಹಾಕಬೇಕಿತ್ತು. ಹತ್ತು ಅಕ್ಷರದ ಜಾಗ. ಅಲ್ಲೀ ತನಕ ಪರದೆ ಮೇಲೆ ಖಾಲಿ ಇತ್ತು.

“ವಾಲಗ 2 ಅಂತಲೇ ಹಾಕ್ಲಾ ಮಾವ?”

“ಎರಡು ಹೋಯ್ತಲ್ಲೋ” ಅಂದರು, ಕೀ ಮೇಲಿನಿಂದ ಕೈ ತೆಗೆಯದೆ. “ಮೂರು ಅಂತ ಹಾಕು.”